ಪಾಸ್ ಕೊಟ್ಟವರೇ ಕವಿತೆಗೂ ಕಿವಿಗೊಟ್ಟರು

(ಸರ್ಕಾರಿ ಶಾಲೆಯ ಶಿಕ್ಷಕರು ಮತ್ತು ಮಕ್ಕಳ ಜೊತೆ ಕೆಲಸ ಮಾಡುವ ಯುವಕ ಯುವತಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಶಾಲೆ ಬಿಟ್ಟ ಮೇಲಿನ ಎರಡು ಮೂರು ತಾಸಿನ ಬಗ್ಗೆ. ಪಾಠ, ಪರೀಕ್ಷೆ, ಫಲಿತಾಂಶ ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಈ ಸಂಜೆಯ ಹೊತ್ತು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಶಾಲೆಗೆ ಬೀಗ ಬಿದ್ದಿರುತ್ತದೆ. ಅಪ್ಪ ಅಮ್ಮ ಇನ್ನೂ ಕೆಲಸದಿಂದ ಬಂದಿರುವುದಿಲ್ಲ. ಆ ಹೊತ್ತಲ್ಲಿ ಮಗು ಎಲ್ಲಿರುತ್ತದೆ, ಯಾರ ಜೊತೆ ಇರುತ್ತದೆ?

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು 1990ರ ದಶಕದಲ್ಲಿ. ಅಲ್ಲಿ ಶಾಲೆ ಮಧ್ಯಾಹ್ನ ಸುಮಾರು ಮೂರಕ್ಕೆ ಬಿಡುತ್ತದೆ. ಹದಿಹರೆಯದವರ ಹೊಡೆದಾಟ, ಹಲ್ಲೆಯ ಪ್ರಕರಣಗಳು ಶಾಲೆ ಇರುವ ದಿನಗಳಲ್ಲಿ ಏರುವುದು ಸರಿಯಾಗಿ ಆ ಹೊತ್ತಿಗೇ ಅನ್ನುವುದು ಪೊಲೀಸ್ ಅಂಕಿಅಂಶಗಳಲ್ಲಿ ಕಂಡಿತ್ತು. ಶಾಲೆಯ ನಂತರದ ಕೇಂದ್ರಗಳಿಗೆ ಕೇಂದ್ರ ಸರ್ಕಾರ ಹಣ ಕೊಡಬಹುದು ಅನ್ನುವ ಕಾನೂನು 1994ರಲ್ಲಿ ಬಂತು. ಆದರೆ ನನಗೆ ಆ ಕಾನೂನಿಗಿಂತ ಅದೇ ವರ್ಷ ಒಬ್ಬ ಟೀಚರ್ ಮಾಡಿದ ಕೆಲಸ ಮುಖ್ಯ ಅನ್ನಿಸುತ್ತದೆ.

ವಾಷಿಂಗ್ಟನ್ ಡಿ.ಸಿ. ಅಂದರೆ ನಮ್ಮ ಕಣ್ಣಿಗೆ ಬರುವುದು ಶ್ವೇತಭವನ. ಅಲ್ಲಿಂದ ಒಂದಷ್ಟು ದೂರ ಉತ್ತರಕ್ಕೆ ಹೋದರೆ ಆಡಮ್ಸ್ ಮಾರ್ಗನ್ ಅನ್ನುವ ಬಡಾವಣೆ ಸಿಗುತ್ತದೆ. ಎಲ್ ಸಾಲ್ವಡಾರ್‌ನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಕುಟುಂಬಗಳು ಈ ಬಡಾವಣೆಯಲ್ಲಿ, ಪಕ್ಕದ ಮೌಂಟ್ ಪ್ಲೆಸೆಂಟ್‌ನಲ್ಲಿ ನೆಲೆಸಿದ್ದವು. ಕಪ್ಪು ಜನರ ಹಳೆಯ ಮನೆಗಳೂ ಅಕ್ಕಪಕ್ಕದಲ್ಲೇ ಇದ್ದವು. 1991ರಲ್ಲಿ ಮೌಂಟ್ ಪ್ಲೆಸೆಂಟ್‌ನಲ್ಲಿ ದೊಡ್ಡ ಗಲಭೆ ಆಗಿತ್ತು. ಆಡಮ್ಸ್ ಮಾರ್ಗನ್‌ನ ಮೇರಿ ರೀಡ್ ಪ್ರಾಥಮಿಕ ಶಾಲೆಯಲ್ಲಿ ಜೂಲಿ ಕೆನಡಿ ಅನ್ನುವವರು ಟೀಚರ್ ಆಗಿದ್ದರು. ಶಾಲೆ ಬಿಟ್ಟ ಮೇಲೆ ಕೆಲವು ಹುಡುಗಿಯರು ಮಾಡಲು ಏನೂ ಇಲ್ಲದೆ ಸುಮ್ನೆ ಉಳಿದುಬಿಡುವುದನ್ನು ಅವರು ಗಮನಿಸಿದರು. ಕರೆದುಕೊಂಡು ಹೋಗಿ ಫುಟ್‌ಬಾಲ್ ಆಡಿಸಿದರು. ಮಳೆ ಬಂದು ಹೊರಗೆ ಆಡಲಾಗದ ದಿನ ಒಳಗೆ ಕೂರಿಸಿ ಕವಿತೆ ಬರೆಸಿದರು ಅಂತ ಮುಂದೆ ಇದರಿಂದ ಹುಟ್ಟಿದ ಸಂಸ್ಥೆಯವರು ತಮ್ಮ ಹುಟ್ಟಿನ ಕಥೆ ಹೇಳುತ್ತಾರೆ. ಹೀಗೆ ಶುರುವಾದದ್ದೇ ಡಿ.ಸಿ. ಸ್ಕೋರ್ಸ್. 1999ರ ಹೊತ್ತಿಗೆ ಅದು ಅಮೆರಿಕ ಸ್ಕೋರ್ಸ್ ಅನ್ನುವ ಹೆಸರಲ್ಲಿ ಬೇರೆ ನಗರಗಳಿಗೂ ಹೋಯಿತು. ನ್ಯೂಯಾರ್ಕ್, ಷಿಕಾಗೊ, ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಗಳಲ್ಲಿ ಬೇರೂರಿತು.

1994ರಲ್ಲೇ ಅಮೆರಿಕದಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಿತ್ತು. ವಾಷಿಂಗ್ಟನ್‌ನ ಆರ್‌.ಎಫ್‌.ಕೆ. ಕ್ರೀಡಾಂಗಣದಲ್ಲಿ ಐದು ಪಂದ್ಯ ಆದವು. ಸೌದಿ ಅರೇಬಿಯಾದ ಅಲ್ ಒವೈರಾನ್ ತನ್ನ ಅರ್ಧದಿಂದ ಚೆಂಡು ಹಿಡಿದು, ಬೆಲ್ಜಿಯಂನ ಆಟಗಾರರನ್ನು ಒಬ್ಬೊಬ್ಬರಾಗಿ ದಾಟಿ ಗೋಲ್ ಹೊಡೆದದ್ದು ಅಲ್ಲೇ. ನಿಮ್ಮಲ್ಲಿ ಕೆಲವರಿಗೆ ಆ ಗೋಲ್ ನೆನಪಿರಬಹುದು. ಆದರೆ ಆ ಊರಿನ ಬಡ ಮಕ್ಕಳಿಗೆ ಆಟ ಕೈಗೆಟುಕುವಂತೆ ಇರಲಿಲ್ಲ. ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ಬಹುಮಟ್ಟಿಗೆ ಕ್ಲಬ್‌ಗಳ ಕೈಯಲ್ಲಿದೆ. ಶುಲ್ಕ, ಸಮವಸ್ತ್ರ, ಶನಿವಾರ ಭಾನುವಾರ ಕಾರಿನಲ್ಲಿ ಕರೆದುಕೊಂಡು ಓಡಾಡುವ ಅಪ್ಪ ಅಮ್ಮ, ಇಷ್ಟೆಲ್ಲ ಇದ್ದರೆ ಮಾತ್ರ ತಂಡದಲ್ಲಿ ಜಾಗ. ಅರ್ಧ ಜಗತ್ತು ಬೀದಿಯಲ್ಲಿ ಆಡುವ ಆಟ ಅಲ್ಲಿ ಉಳ್ಳವರ ಆಟವಾಗಿಬಿಟ್ಟಿದೆ. ಇದು ಬೇಸರದ ಸಂಗತಿ. ಹಾಗಾಗಿ ಸ್ಕೋರ್ಸ್‌ನವರು ಮೊದಲು ಮಾಡಿದ ತೀರ್ಮಾನವೇ ದೊಡ್ಡದು. ಮಕ್ಕಳಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಮಕ್ಕಳು ಶಾಲೆ ಬಿಟ್ಟು ಬೇರೆ ಎಲ್ಲಿಗೋ ಹೋಗಬೇಕಾಗಿಲ್ಲ. ತಂಡ ಅವರ ಶಾಲೆಯಲ್ಲೇ ಕಟ್ಟಬೇಕು.

ವ್ಯವಸ್ಥೆ ಹೀಗಿದೆ. ಹೆಚ್ಚಾಗಿ ಮೂರರಿಂದ ಎಂಟನೇ ತರಗತಿಯ ಮಕ್ಕಳು. ವಾರದಲ್ಲಿ ಕೆಲವು ದಿನ ಫುಟ್‌ಬಾಲ್ ಅಭ್ಯಾಸ, ಕೆಲವು ದಿನ ಕವಿತೆಯ ತರಗತಿ, ಒಂದು ದಿನ ಬೇರೆ ಶಾಲೆಯ ಮೇಲೆ ಪಂದ್ಯ. ಶರತ್ಕಾಲದಲ್ಲಿ ಆಟದ ಜೊತೆ ಕವಿತೆ. ಚಳಿ ಹಿಡಿಯುವ ಹೊತ್ತಿಗೆ ಎಲ್ಲ ಶಾಲೆಗಳೂ ಒಂದು ವೇದಿಕೆಗೆ ಬಂದು ತಮ್ಮ ಕವಿತೆಗಳನ್ನು ಆಡಿ ತೋರಿಸುತ್ತವೆ. ವಸಂತದಲ್ಲಿ ಮತ್ತೆ ಆಟ, ಆದರೆ ಈಗ ಅದರ ಜೊತೆ ತಮ್ಮ ಬಡಾವಣೆಯ ಕೆಲಸ. ನಮ್ಮ ಓಣಿಯಲ್ಲಿ ಏನು ಸರಿಯಿಲ್ಲ ಅಂತ ಮಕ್ಕಳೇ ಹುಡುಕುತ್ತಾರೆ, ಅದರ ಬಗ್ಗೆ ಬರೆಯುತ್ತಾರೆ, ಕೈಲಾದದ್ದನ್ನು ಮಾಡುತ್ತಾರೆ. ಕಲಿಸುವವರಲ್ಲಿ ಅದೇ ಶಾಲೆಯ ಟೀಚರ್‌ಗಳೂ ಇರುತ್ತಾರೆ. ಅಲ್ಲಿನ ಮಕ್ಕಳನ್ನು ಪೊಯೆಟ್-ಅಥ್ಲೀಟ್ ಅಂತಲೇ ಕರೆಯುತ್ತಾರೆ. ಒಂದೇ ಮಗು, ಕವಿಯೂ ಹೌದು, ಆಟಗಾರನೂ ಹೌದು.

ಈಗ ನಾನು ಮುಖ್ಯ ವಿಷಯಕ್ಕೆ ಬರುತ್ತೇನೆ. ಫುಟ್‌ಬಾಲ್ ಮತ್ತು ಕವಿತೆ ಯಾಕೆ ಒಟ್ಟಿಗೆ?

ತುಂಬ ಜನ ಕೊಡುವ ಉತ್ತರ ಸುಲಭದ್ದು. ಮಕ್ಕಳಿಗೆ ಬರೆಯುವುದು ಅಂದರೆ ಬೇಜಾರು, ಆಟ ಅಂದರೆ ಪ್ರಾಣ, ಆದ್ದರಿಂದ ಆಟದ ಆಸೆ ತೋರಿಸಿ ಬರೆಸೋಣ. ಬೆಲ್ಲದೊಳಗೆ ಮಾತ್ರೆ ಇಟ್ಟು ನುಂಗಿಸಿದ ಹಾಗೆ. ಬ್ರಿಟನ್‌ನಲ್ಲಿ ಈ ದಾರಿಯಲ್ಲಿ ದೊಡ್ಡ ಕೆಲಸ ನಡೆದಿದೆ. 1997ರಲ್ಲಿ ಅಲ್ಲಿನ ಸರ್ಕಾರ ಫುಟ್‌ಬಾಲ್ ಕ್ಲಬ್‌ಗಳ ಜೊತೆ ಸೇರಿ ಕ್ರೀಡಾಂಗಣಗಳ ಒಳಗೇ ಸಂಜೆಯ ಕಲಿಕಾ ಕೇಂದ್ರ ತೆರೆಯಿತು. ಆರ್ಸೆನಲ್ ಕ್ಲಬ್ ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಆಟ ಅನ್ನುವ ಡಬಲ್ ಕ್ಲಬ್ ನಡೆಸಿತು. ಓದದ ಹುಡುಗರು ತಮ್ಮ ಮೆಚ್ಚಿನ ಆಟಗಾರರ ಹೆಸರು ಕಂಡು ಪುಸ್ತಕ ಹಿಡಿದರು. ಅದು ಒಳ್ಳೆಯದೇ. ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಆ ಲೆಕ್ಕದಲ್ಲಿ ಬರಹ ಯಾವಾಗಲೂ ಕಹಿ ಮದ್ದಾಗಿಯೇ ಉಳಿಯುತ್ತದೆ. ಮಕ್ಕಳು ಚುರುಕು. ಯಾವುದು ಬೆಲ್ಲ, ಯಾವುದು ಮಾತ್ರೆ ಅಂತ ಅವರಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ವಾಷಿಂಗ್ಟನ್‌ನ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಅಲ್ಲಿ ಆಟ ಕೊಡುವುದು ಆಸೆಯನ್ನಲ್ಲ, ಕೇಳುಗರನ್ನು.

ಯೋಚಿಸಿ ನೋಡಿ. ಹತ್ತು ವರ್ಷದ ಹುಡುಗಿಗೆ ಬರೆಯಲು ಯಾವುದು ಕಷ್ಟ? ಪದ ಸಿಗುವುದಿಲ್ಲ ಅಂತ ಅಲ್ಲ. ಮನೆಯಲ್ಲಿ ಅವಳು ಮಾತಾಡಲು ಶುರು ಮಾಡಿದರೆ ನಿಲ್ಲುವುದೇ ಇಲ್ಲ. ಕಷ್ಟ ಇರುವುದು ಬರೆದದ್ದನ್ನು ಯಾರು ನೋಡುತ್ತಾರೆ ಅನ್ನುವಲ್ಲಿ. ಟೀಚರ್ ನೋಡಿದರೆ ಕೆಂಪು ಗೆರೆ. ತರಗತಿಯ ಮಕ್ಕಳು ನೋಡಿದರೆ ನಗು. ಬರೆದದ್ದನ್ನು ನೋಡುವವರೆಲ್ಲ ತೀರ್ಪು ಕೊಡುವವರೇ ಆದರೆ ಮಗು ಏನು ಮಾಡುತ್ತದೆ? ತಪ್ಪಿಲ್ಲದ ನಾಲ್ಕು ಸಾಲು ಬರೆದು ಮುಗಿಸುತ್ತದೆ. ‘ಹಸು ಒಂದು ಸಾಕು ಪ್ರಾಣಿ.’ ನಮ್ಮ ಶಾಲೆಯ ಪ್ರಬಂಧಗಳು ಹೀಗಾಗಿರುವುದು ಮಕ್ಕಳ ತಲೆಯಲ್ಲಿ ಏನೂ ಇಲ್ಲ ಅಂತಲ್ಲ. ಅದು ಅವರು ಕಂಡುಕೊಂಡ ಸುರಕ್ಷಿತ ಜಾಗ.

ಫುಟ್‌ಬಾಲ್ ತಂಡದಲ್ಲಿ ಏನಾಗುತ್ತದೆ? ಮೊದಲ ವಾರ ಎಲ್ಲರೂ ಒಟ್ಟಿಗೆ ಚೆಂಡಿನ ಹಿಂದೆ ಓಡುತ್ತಾರೆ. ಯಾರೋ ಬೀಳುತ್ತಾರೆ. ಗೋಲ್‌ಕೀಪರ್ ಕಾಲ ಸಂದಿಯಲ್ಲಿ ಚೆಂಡು ನುಸುಳುತ್ತದೆ. ತಪ್ಪು ಎಲ್ಲರ ಎದುರೇ ನಡೆಯುತ್ತದೆ, ಮುಚ್ಚಿಡಲು ಆಗುವುದಿಲ್ಲ. ಎರಡು ನಿಮಿಷ ಕಳೆದರೆ ಅದೇ ಹುಡುಗಿಗೆ ಮತ್ತೆ ಪಾಸ್ ಬರುತ್ತದೆ. ಬರಲೇಬೇಕು, ಆಟ ನಡೆಯಬೇಕಲ್ವಾ. ತಿಂಗಳು ಹೀಗೆ ಕಳೆದ ಮೇಲೆ ಆ ಹದಿನೈದು ಮಕ್ಕಳ ನಡುವೆ ಒಂದು ಭರವಸೆ ಬೆಳೆದಿರುತ್ತದೆ. ಎಡವಿದರೂ ಇವರು ನನ್ನನ್ನು ಬಿಡುವುದಿಲ್ಲ ಅನ್ನುವ ಭರವಸೆ. ಆಮೇಲೆ ಅದೇ ಮಕ್ಕಳು ಕೋಣೆಯೊಳಗೆ ಕೂತು ಬರೆದು, ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ನಿನ್ನೆ ಪಾಸ್ ಕೊಟ್ಟವಳೇ ಇವತ್ತು ಕೇಳುತ್ತಿದ್ದಾಳೆ. ಬರೆಯುವ ಧೈರ್ಯ ಅಲ್ಲಿಂದ ಬರುತ್ತದೆ.

ಹಾಗಾಗಿ ನನಗೆ ಮುಖ್ಯವಾಗಿ ಕಾಣುವ ನಿಯಮ ಒಂದೇ. ಆಡುವ ತಂಡವೂ ಬರೆಯುವ ತಂಡವೂ ಒಂದೇ ಆಗಿರಬೇಕು. ಆಟಕ್ಕೆ ಕೆಲವು ಮಕ್ಕಳು, ಬರಹಕ್ಕೆ ಬೇರೆ ಕೆಲವು ಮಕ್ಕಳು ಅಂತ ಮಾಡಿದರೆ ಎರಡು ಕ್ಲಬ್ ಆಗುತ್ತದೆ ಅಷ್ಟೇ. ‘ಇವನು ಆಟದಲ್ಲಿ ಜೋರು, ಬರಹದಿಂದ ಬಿಟ್ಟುಬಿಡೋಣ’ ಅನ್ನುವ ರಿಯಾಯಿತಿ ಬೇಡ. ‘ಇವಳು ಚೆನ್ನಾಗಿ ಬರೆಯುತ್ತಾಳೆ, ಓಡಲು ಬಲವಂತ ಯಾಕೆ’ ಅನ್ನುವುದೂ ಬೇಡ. ಒಬ್ಬರು ಮೈದಾನದಲ್ಲಿ ತಡವರಿಸುತ್ತಾರೆ, ಇನ್ನೊಬ್ಬರು ಕಾಗದದ ಮುಂದೆ ತಡವರಿಸುತ್ತಾರೆ. ಎರಡನ್ನೂ ಇಡೀ ತಂಡ ನೋಡುತ್ತದೆ. ಆಗ ಯಾರೂ ಪೂರ್ತಿ ಜಾಣರಲ್ಲ, ಯಾರೂ ಪೂರ್ತಿ ದಡ್ಡರಲ್ಲ.

ಬರೆಸುವುದು ಹೇಗೆ? ಇಲ್ಲಿ ಕೂತಿರುವವರಿಗೆ ಇದೇ ಜಾಸ್ತಿ ಬೇಕಾಗಿರುವುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಮಕ್ಕಳಿಂದ ಕವಿತೆ ಬರೆಸುವುದಕ್ಕೆ ಹಳೆಯ ದಾರಿಯೊಂದು ಇದೆ. 1960ರ ದಶಕದ ಕೊನೆಯಲ್ಲಿ ಕೆನೆತ್ ಕೋಕ್ ಅನ್ನುವ ಕವಿ ನ್ಯೂಯಾರ್ಕ್‌ನ ಒಂದು ಸಾರ್ವಜನಿಕ ಶಾಲೆಗೆ ಹೋಗಿ ಕಲಿಸಿದರು. ಅವರು ಪ್ರಾಸ ಕೇಳಲಿಲ್ಲ. ಕಾಗುಣಿತ ತಿದ್ದುತ್ತಾ ಕೂರಲಿಲ್ಲ. ಪ್ರತಿಯೊಬ್ಬರೂ ಒಂದೊಂದು ಸಾಲು ಬರೆಯಿರಿ, ಸಾಲು ಆಸೆಯಿಂದ ಶುರುವಾಗಲಿ, ಅದರೊಳಗೆ ಒಂದು ಬಣ್ಣ ಇರಲಿ, ಒಂದು ಊರು ಇರಲಿ ಅಂದರು. ಎಲ್ಲರ ಸಾಲುಗಳನ್ನು ಸೇರಿಸಿ ಜೋರಾಗಿ ಓದಿದರು. ಇಡೀ ತರಗತಿಯ ಕವಿತೆ ಆಯಿತು. ಈ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಒಂದು ಸಾಲು ಬರೆಯಲು ಯಾರೂ ಹೆದರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಮೊದಲ ಬರಹ ಒಬ್ಬಂಟಿಯಾಗಿ ನಿಲ್ಲುವುದಿಲ್ಲ. ತಂಡದ ನಡುವೆ ನಿಲ್ಲುತ್ತದೆ.

ಎರಡನೆಯ ಹಂತದಲ್ಲಿ ಆಟವೇ ನೆರವಿಗೆ ಬರುತ್ತದೆ. ಪಂದ್ಯ ಮುಗಿದ ಮರುದಿನ ‘ನಿನ್ನೆಯ ಪಂದ್ಯದ ಬಗ್ಗೆ ಬರೆಯಿರಿ’ ಅಂದರೆ ಬರುವುದು ಇಷ್ಟೇ: ‘ನಾನು ಗೋಲ್ ಹೊಡೆದೆ. ತುಂಬಾ ಖುಷಿಯಾಯಿತು.’ ಇದನ್ನು ತಪ್ಪು ಅನ್ನಬೇಡಿ. ಪ್ರಶ್ನೆ ಕೇಳಿ. ಒಂದೇ ಒಂದು ನಿಮಿಷ ಆರಿಸಿಕೋ. ಚೆಂಡು ಯಾರಿಂದ ಬಂತು? ಯಾವ ಕಾಲಿಗೆ ತಾಕಿತು? ಆಗ ಏನು ಸದ್ದು ಕೇಳಿಸಿತು? ನಿನ್ನ ಎದುರಿಗಿದ್ದ ಹುಡುಗಿ ಹೇಗೆ ನೋಡಿದಳು? ಈಗ ಬರೆಸಿ. ಸಾಲುಗಳು ಈ ಥರ ಬದಲಾಗುತ್ತವೆ:

‘ಎಡಗಡೆಯಿಂದ ಗೆಳತಿ ಕೂಗಿದಳು.
ನನ್ನ ಹೆಸರು ಅಷ್ಟು ಜೋರಾಗಿ ಯಾರೂ ಕರೆದಿರಲಿಲ್ಲ.
ಚೆಂಡು ಒದ್ದೆ ಹುಲ್ಲಿನ ಮೇಲೆ ನಿಧಾನ ಬಂತು.
ನಾನು ಕಣ್ಣು ಮುಚ್ಚಿ ಒದ್ದೆ.’

ಇದು ಉದಾಹರಣೆಗೆ ನಾನೇ ಬರೆದದ್ದು. ಮಕ್ಕಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ. ಖುಷಿ ಅನ್ನುವ ಪದ ಹೋಗಿದೆ, ಖುಷಿ ಉಳಿದಿದೆ. ಇನ್ನೊಂದು ಗಮನಿಸಿ. ಮೈದಾನದಲ್ಲಿ ಒಂದು ಒದೆತವನ್ನು ಐವತ್ತು ಸಲ ಅಭ್ಯಾಸ ಮಾಡುವುದು ಮಕ್ಕಳಿಗೆ ಸಹಜ. ಅದೇ ಮಕ್ಕಳಿಗೆ ಕವಿತೆಯನ್ನು ಎರಡನೇ ಸಲ ಬರೆ ಅಂದರೆ ಶಿಕ್ಷೆ ಅನ್ನಿಸುತ್ತದೆ. ಎರಡನ್ನೂ ಒಂದೇ ತಂಡದಲ್ಲಿ ಮಾಡಿಸಿದಾಗ ಈ ಭೇದ ಕರಗುತ್ತದೆ. ಮತ್ತೆ ಬರೆಯುವುದೂ ಅಭ್ಯಾಸವೇ.

ಭಾಷೆಯ ಬಗ್ಗೆ ಒಂದು ಮಾತು. ವಾಷಿಂಗ್ಟನ್‌ನ ಎಷ್ಟೋ ಮಕ್ಕಳ ಮನೆಮಾತು ಸ್ಪ್ಯಾನಿಶ್. ಕವಿತೆಯ ತರಗತಿಯಲ್ಲಿ ಅಜ್ಜಿಯ ಮಾತು ಅಜ್ಜಿಯ ಭಾಷೆಯಲ್ಲೇ ಬರಬೇಕು. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮಾತಾಡುವ ಮನೆಗಳ ಮಕ್ಕಳು ಕನ್ನಡದಲ್ಲಿ ಓದುತ್ತಿದ್ದಾರೆ. ಕಲಬುರಗಿಯಿಂದ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ತಮ್ಮೂರಿನ ಕನ್ನಡ ಆಡಿದರೆ ನಗುವವರಿದ್ದಾರೆ. ಬರಹದ ದಿನ ಆ ಎಲ್ಲ ಮಾತಿಗೂ ಜಾಗ ಕೊಡಿ. ಪುಸ್ತಕದ ಕನ್ನಡ ಆಮೇಲೆ ಕಲಿಯಬಹುದು.

ಇನ್ನು ವೇದಿಕೆಯ ವಿಷಯ. ಕವಿತೆ ಓದಿ ಅಂಕ ಪಡೆಯುವ ‘ಸ್ಲ್ಯಾಮ್’ ಹುಟ್ಟಿದ್ದು ಷಿಕಾಗೊದಲ್ಲಿ. ಕಟ್ಟಡ ಕೆಲಸ ಮಾಡುತ್ತಿದ್ದ ಮಾರ್ಕ್ ಸ್ಮಿತ್ 1980ರ ದಶಕದಲ್ಲಿ ಅದನ್ನು ಶುರು ಮಾಡಿದರು. ಪ್ರೇಕ್ಷಕರಲ್ಲೇ ಕೆಲವರು ತೀರ್ಪುಗಾರರಾಗಿ ಕೂತು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಿದ್ದರು. ಸ್ಕೋರ್ಸ್‌ನವರ ವಾರ್ಷಿಕ ಕಾರ್ಯಕ್ರಮದ ಹೆಸರೂ ಪೊಯೆಟ್ರಿ ಸ್ಲ್ಯಾಮ್. ಅಲ್ಲಿ ಒಬ್ಬರೇ ಓದುವ ಕವಿತೆಯೂ ಇರುತ್ತದೆ, ಇಡೀ ತಂಡ ಒಟ್ಟಿಗೆ ಹೇಳುವ ಕವಿತೆಯೂ ಇರುತ್ತದೆ. ಪಂದ್ಯದ ಹಾಗೆಯೇ ಕೂಗು, ಚಪ್ಪಾಳೆ. ಕವಿಗೋಷ್ಠಿ ಅಂದರೆ ಗಂಭೀರವಾಗಿ ಕೂರಬೇಕು ಅಂದುಕೊಂಡ ನಮಗೆ ಇದು ಹೊಸತು. ಆದರೆ ಒಂದು ಅನುಮಾನ ನನಗಿದೆ. ಒಂಬತ್ತು ವರ್ಷದ ಮಗುವಿನ ಕವಿತೆಗೆ ಅಂಕ ಬೇಕಾ? ನನ್ನ ಅಭಿಪ್ರಾಯ, ಬೇಡ. ತಂಡಕ್ಕೆ ಬಹುಮಾನ ಕೊಡಿ, ಪರವಾಗಿಲ್ಲ. ಸೋತರೂ ಎಲ್ಲರೂ ಒಟ್ಟಿಗೆ ಸೋಲುತ್ತಾರೆ. ಒಂದು ಮಗುವಿನ ಅಮ್ಮನ ಬಗೆಗಿನ ಕವಿತೆಗೆ ಆರು, ಇನ್ನೊಂದರ ಅಮ್ಮನಿಗೆ ಎಂಟು ಅಂತ ಕೊಡುವುದನ್ನು ನಾವು ಇಲ್ಲಿ ತರಬಾರದು.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಬಡ ಮಕ್ಕಳಿಂದ ಬರೆಸುವಾಗ ನಾವು ದೊಡ್ಡವರು ನೋವಿನ ಕಥೆಯನ್ನೇ ನಿರೀಕ್ಷಿಸುತ್ತೇವೆ. ಅಪ್ಪನ ಕುಡಿತ, ಮನೆಯ ಜಗಳ, ಹಸಿವು. ಸಭಿಕರು ಕಣ್ಣೊರೆಸಿಕೊಳ್ಳುತ್ತಾರೆ, ಹಣ ಕೊಡುವವರಿಗೂ ಅದು ತಟ್ಟುತ್ತದೆ. ಯಾವ ಕವಿತೆಗೆ ಚಪ್ಪಾಳೆ ಬೀಳುತ್ತದೆ ಅಂತ ಮಕ್ಕಳು ಬೇಗ ಕಲಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮಗು ತಾನಾಗಿ ನೋವು ಬರೆದರೆ ಕೂತು ಕೇಳಿ. ಅದನ್ನು ವೇದಿಕೆಯಲ್ಲಿ ಓದಬೇಕೋ ಬೇಡವೋ ಅನ್ನುವುದು ಆ ಮಗುವಿನ ತೀರ್ಮಾನ. ನಾಯಿಮರಿಯ ಬಗ್ಗೆ, ಹೊಸ ಬೂಟಿನ ಬಗ್ಗೆ, ಮಸಾಲೆ ಪುರಿಯ ಬಗ್ಗೆ ಬರೆಯುವ ಹಕ್ಕು ಬಡ ಮಕ್ಕಳಿಗೂ ಇದೆ.

ಇದರಿಂದ ನಿಜವಾಗಿ ಪ್ರಯೋಜನ ಆಗುತ್ತದಾ ಅಂತ ಕೇಳುವವರಿದ್ದಾರೆ, ಕೇಳಲೂಬೇಕು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಸ್ಕೋರ್ಸ್ ಶಾಲೆಗಳ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಿಗೆ ಕಾರ್ಯಕ್ರಮ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸಿ ನೋಡಿದ್ದರು. ಎಲ್ಲ ಮಕ್ಕಳನ್ನೂ ಒಟ್ಟಿಗೆ ತೆಗೆದುಕೊಂಡರೆ ವ್ಯತ್ಯಾಸ ದೊಡ್ಡದಾಗಿ ಕಾಣಲಿಲ್ಲ. ತೂಕ ಹೆಚ್ಚಿದ್ದ ಮಕ್ಕಳಲ್ಲಿ ಮಾತ್ರ ಓಡಾಟ, ಚಟುವಟಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಅಂದರೆ ಕ್ಲಬ್‌ಗಳು ಸಾಮಾನ್ಯವಾಗಿ ಹೊರಗಿಡುವ ಮಕ್ಕಳಿಗೇ ಲಾಭ ಸಿಕ್ಕಿತು. ನನಗೆ ಇದು ಸಣ್ಣ ಫಲ ಅನ್ನಿಸುವುದಿಲ್ಲ. ಅದು ಮೈಯ ಚಟುವಟಿಕೆಯನ್ನು ಅಳೆದ ಅಧ್ಯಯನ. ಕವಿತೆಯ ಫಲವನ್ನು ಹಾಗೆ ಯಂತ್ರ ಕಟ್ಟಿ ಅಳೆಯಲು ಬರುವುದಿಲ್ಲ. ಒಂದು ವರ್ಷದ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದರೆ ಗೊತ್ತಾಗುತ್ತದೆ.

ನಮ್ಮಲ್ಲಿ ಇದಕ್ಕೆ ನೆಲ ಇಲ್ಲದೇ ಇಲ್ಲ. ಬೆಂಗಳೂರಿನ ಡ್ರೀಮ್ ಎ ಡ್ರೀಮ್ ಸಂಸ್ಥೆ 1999ರಿಂದ ಇದೆ. ಶಾಲೆಯ ನಂತರದ ಹೊತ್ತಲ್ಲಿ ಆಟ ಮತ್ತು ಕಲೆಯ ಮೂಲಕ ಮಕ್ಕಳ ಜೊತೆ ಕೆಲಸ ಮಾಡಿದೆ. ಹಲಸೂರಿನ ಹತ್ತಿರದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಅಲ್ಲಿನ ಓಣಿಗಳಲ್ಲಿ ಫುಟ್‌ಬಾಲ್ ಹಬ್ಬದಷ್ಟೇ ಮುಖ್ಯ. ಜಾರ್ಖಂಡ್‌ನ ಯುವಾ ಸಂಸ್ಥೆ 2009ರಲ್ಲಿ ಹಳ್ಳಿಯ ಹುಡುಗಿಯರ ಫುಟ್‌ಬಾಲ್ ತಂಡದಿಂದ ಶುರುವಾಗಿ ಆಮೇಲೆ ಅವರಿಗಾಗಿ ಶಾಲೆಯನ್ನೇ ತೆರೆಯಿತು. ಬರಹಕ್ಕೂ ಜಾಗ ಇದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಮೈದಾನ ಒಂದು ಕಡೆ, ಗ್ರಂಥಾಲಯ ಇನ್ನೊಂದು ಕಡೆ ಇದೆ. ಇವೆರಡಕ್ಕೂ ಒಂದೇ ತಂಡ ಓಡಾಡುವಂತೆ ಮಾಡಬೇಕು. ಅದಕ್ಕೆ ಬೇಕಾದದ್ದು ದಿನವೂ ತಪ್ಪದೆ ಬರುವ ಒಬ್ಬ ದೊಡ್ಡವರು. ಅವರಿಗೆ ಸಂಬಳ ಕೊಡಬೇಕು. ‘ಸೇವೆ ಅಂತ ಮಾಡಿ’ ಅನ್ನುವುದು ಮೂರು ತಿಂಗಳು ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಪಾಠದ ಮೇಲೆ ಪಾಠ, ಸಮೀಕ್ಷೆ, ಲೆಕ್ಕಪತ್ರ ಅಂತ ದಣಿದಿರುವ ಮೇಡಂ ಮೇಲೆಯೇ ಇದನ್ನೂ ಹೊರಿಸಬಾರದು.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಮೇಡಂ ಕೇಳಿದರು: ‘ಹುಡುಗಿಯರನ್ನು ಸಂಜೆ ಐದೂವರೆವರೆಗೆ ಬಿಡುವುದಿಲ್ಲ ಸರ್. ಮನೆಗೆ ಹೋಗಿ ನೀರು ತರಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಏನು ಮಾಡೋಣ?’

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಮೊದಲು ಹುಡುಗಿಯರ ತಂಡವನ್ನೇ ಕಟ್ಟಿ. ವಾಷಿಂಗ್ಟನ್‌ನಲ್ಲೂ ಶುರುವಾದದ್ದು ಹುಡುಗಿಯರಿಂದಲೇ. ಹುಡುಗರ ತಂಡ ಮೊದಲು ಆದರೆ ಮೈದಾನ ಅವರದ್ದಾಗಿಬಿಡುತ್ತದೆ, ಆಮೇಲೆ ಹುಡುಗಿಯರು ಅಂಚಿನಲ್ಲಿ ನಿಂತು ನೋಡಬೇಕಾಗುತ್ತದೆ. ದಿನಾ ಆಗದಿದ್ದರೆ ವಾರಕ್ಕೆ ಮೂರು ದಿನ, ಒಂದು ತಾಸು ಸಾಕು. ತಮ್ಮನನ್ನೂ ಕರೆದುಕೊಂಡು ಬರಲಿ, ಅಂಚಿನಲ್ಲಿ ಕೂತು ಚಿತ್ರ ಬರೆಯಲಿ. ಅಮ್ಮಂದಿರನ್ನು ಮೊದಲ ಪಂದ್ಯಕ್ಕೇ ಕರೆಯಿರಿ, ವರ್ಷದ ಕೊನೆಯ ಸಮಾರಂಭಕ್ಕಲ್ಲ. ಮಗಳು ಆಡುವುದನ್ನು ಒಮ್ಮೆ ನೋಡಿದ ಅಮ್ಮನ ಜೊತೆ ಮಾತಾಡುವುದು ಸುಲಭ.

ಇನ್ನೊಬ್ಬರು ಹಾವೇರಿ ಕಡೆಯವರು. ‘ನಮ್ಮೂರಲ್ಲಿ ಫುಟ್‌ಬಾಲ್ ಯಾರೂ ಆಡುವುದಿಲ್ಲ. ಕಬಡ್ಡಿ, ಖೋ ಖೋ ಇದ್ದರೆ ಆಗುತ್ತಾ?’ ಅಂತ ಕೇಳಿದರು. ಖಂಡಿತ ಆಗುತ್ತದೆ. ತಂಡದ ಆಟ ಆಗಿರಬೇಕು, ಎಲ್ಲರಿಗೂ ಅವಕಾಶ ಬರಬೇಕು, ಅಷ್ಟೇ. ಆದರೂ ಫುಟ್‌ಬಾಲ್ ಪರವಾಗಿ ಒಂದು ಮಾತಿದೆ. ಕಬಡ್ಡಿ ಊರಿನ ಹುಡುಗರಿಗೆ ಮೊದಲೇ ಬರುತ್ತದೆ, ಹುಡುಗಿಯರು ಹಿಂದೆ ಬೀಳುತ್ತಾರೆ. ಯಾರಿಗೂ ಬಾರದ ಆಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಶುರು ಮಾಡುತ್ತಾರೆ. ಒಂದು ಚೆಂಡು ತಂದು ನೋಡಿ, ಆಮೇಲೆ ಮಕ್ಕಳೇ ಹೇಳಲಿ.

ಯಾವಾಗ ಶುರು ಮಾಡಬೇಕು ಅನ್ನುವುದು ಕೊನೆಯ ಪ್ರಶ್ನೆ. ಅಮೆರಿಕದ ವೇಳಾಪಟ್ಟಿ ನಮಗೆ ಹೊಂದುವುದಿಲ್ಲ. ಅಲ್ಲಿ ಚಳಿಗೆ ಒಳಗೆ ಸೇರುತ್ತಾರೆ, ನಮ್ಮನ್ನು ಒಳಗೆ ಕೂರಿಸುವುದು ಮಳೆ. ಮಲೆನಾಡು, ಕರಾವಳಿಯಲ್ಲಿ ಜೂನ್, ಜುಲೈ ಮೈದಾನ ಕೆಸರು. ಮಳೆ ಬಿಡುವು ಕೊಟ್ಟ ದಿನ ಆಡಿ, ಉಳಿದ ದಿನ ಬರೆಸಿ. ದಸರಾ ರಜೆಗೆ ಮೊದಲು ಪಕ್ಕದ ಶಾಲೆಯ ಜೊತೆ ಒಂದು ಪಂದ್ಯ ಇಟ್ಟುಕೊಳ್ಳಿ. ನವೆಂಬರ್ 14ಕ್ಕೆ ಎರಡೂ ತಂಡ ಸೇರಿ ಕವಿತೆ ಓದಲಿ. ಬಯಲುಸೀಮೆಯವರಿಗೆ ಮೈದಾನ ಬೇಗ ಸಿಗುತ್ತದೆ, ಅವರು ಜೂನ್‌ನಲ್ಲೇ ಆಟದಿಂದ ಶುರು ಮಾಡಬಹುದು. ಫೆಬ್ರುವರಿ ಬಂದರೆ ಪರೀಕ್ಷೆ ಅಂತ ಎಲ್ಲರೂ ಅವಸರ ಮಾಡುತ್ತಾರೆ. ಆಗ ದಿನ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.